ಸಿಹಿ ನೋಡುವ ಸ್ಟೂಲು

ನಮ್ಮ ಬೇಕರಿಯ ಹಿಂದಿನ ಕೋಣೆಯಲ್ಲಿ, ಒಲೆಯ ಬಾಯಿಗೂ ಹಿಟ್ಟು ನಾದುವ ಯಂತ್ರಕ್ಕೂ ನಡುವೆ ಒಂದು ಮರದ ಸ್ಟೂಲು ಇದೆ. ಅದರ ಒಂದು ಕಾಲು ಗಿಡ್ಡ. ಅದರ ಕೆಳಗೆ ರಟ್ಟಿನ ತುಂಡು ಕೊಟ್ಟು ನಿಲ್ಲಿಸಿದ್ದೇವೆ. ಹೊಸಬರು ಬಂದರೆ, ಈ ಮುರುಕಲನ್ನು ಇನ್ನೂ ಯಾಕೆ ಒಲೆಗೆ ಹಾಕಿಲ್ಲ ಎಂದು ಕೇಳುತ್ತಾರೆ. ಕೇಳಿಕೊಳ್ಳಲಿ. ಆ ಸ್ಟೂಲಿನ ಮೇಲೆ ಕೂತವಳು 'ಸಾಕು' ಅನ್ನುವವರೆಗೆ ನಮ್ಮಲ್ಲಿ ಒಂದು ಬನ್ನೂ ಹುಟ್ಟುವುದಿಲ್ಲ.

ಹಿಟ್ಟು, ಬೆಣ್ಣೆ, ಉಪ್ಪು, ಯೀಸ್ಟು ಎಲ್ಲವನ್ನೂ ತಕ್ಕಡಿಯಲ್ಲಿ ತೂಗುತ್ತೇವೆ. ಸಕ್ಕರೆಯನ್ನು ಮಾತ್ರ ತೂಗುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಹಿಡಿಹಿಡಿಯಾಗಿ ಹಾಕಿ ಕರಗಿಸಿ, ಪಾತ್ರೆಯನ್ನು ಸ್ಟೂಲಿನ ಮೇಲಿರುವವಳ ಮುಂದೆ ಹಿಡಿಯಬೇಕು. ಅವಳು ಕಿರುಬೆರಳು ಅದ್ದಿ, ಒಂದು ಹನಿ ನಾಲಿಗೆಗೆ ಮುಟ್ಟಿಸಿ, 'ಇನ್ನೊಂದು ಹಿಡಿ' ಅನ್ನುತ್ತಾಳೆ, ಇಲ್ಲವೇ 'ಸಾಕು' ಅನ್ನುತ್ತಾಳೆ. ಆ ಮಾತಿಗೆ ಮೇಲ್ಮನವಿ ಇಲ್ಲ. "ತಕ್ಕಡಿಗೇನು ಬಾಯಿದೆಯಾ, ಹಸಿವಿದೆಯಾ? ಅದಕ್ಕೇನು ಗೊತ್ತು ಸಿಹಿ?" ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಆಮೇಲೆ ಬಿಸಿ ಬನ್ನು ಒಲೆಯಿಂದ ಇಳಿದಾಗ ಮೊದಲನೆಯದನ್ನು ಮುರಿದು ತಿನ್ನುವುದೂ ಸ್ಟೂಲಿನ ಮೇಲಿರುವವಳೇ. ಅದನ್ನು ತಿಂದು ತಲೆಯಾಡಿಸಿದ ಮೇಲೆಯೇ ಉಳಿದವು ಅಂಗಡಿಯ ಕಪಾಟಿಗೆ ಹೋಗುತ್ತಿದ್ದವು.

ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು. ಇದ್ದರೂ ಒಂದು ದಿನ ಆ ಮೊದಲ ಬನ್ನನ್ನು ಬಿಟ್ಟವರಲ್ಲ. ಕಾಲಿನ ಹೆಬ್ಬೆರಳು ಹೋಯಿತು, ಆಮೇಲೆ ಪಾದ ಹೋಯಿತು. ಆಗಲೂ ಹಿಟ್ಟಿನ ಮೂಟೆಯ ಮೇಲೆ ಕಾಲು ಚಾಚಿಕೊಂಡು ಕೂತು ಬನ್ನು ಮುರಿದರು. ಕೊನೆಗೆ ನಮ್ಮವರೇ ತಾಯಿಯನ್ನು ಮಗುವಿನಂತೆ ಎತ್ತಿಕೊಂಡು ಆ ಸ್ಟೂಲಿನಿಂದ ಹಾಸಿಗೆಗೆ ಒಯ್ದರು. ಅತ್ತೆಯ ಅತ್ತೆಯನ್ನೂ ಹೀಗೆಯೇ ಎತ್ತಿಕೊಂಡು ಹೋದದ್ದಂತೆ. ಆಗ ನಾನು ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಸ್ಟೂಲು ನನಗೆ ಬಂತಲ್ಲ ಎನ್ನುವುದೇ ದೊಡ್ಡದಾಗಿತ್ತು.

ಮುಚ್ಚಿಡುವುದೇನಿದೆ? ಈ ಮನೆಗೆ ಬಂದಾಗ ನನಗೆ ಒಂದು ಕೆಲಸವೂ ನೆಟ್ಟಗೆ ಬರುತ್ತಿರಲಿಲ್ಲ. ಹಿಟ್ಟು ನಾದಿದರೆ ಕಲ್ಲು, ಲೆಕ್ಕ ಹಾಕಿದರೆ ತಪ್ಪು. ಬೀದಿಯವರು ನನಗಿಟ್ಟ ಹೆಸರು ಬಾಯಿಬಡುಕಿ. ಆ ಸ್ಟೂಲು ಹತ್ತಿದ ದಿನದಿಂದ ನಾನು ಮನುಷ್ಯಳಾದೆ. "ಅಮ್ಮಾವ್ರ ಕೈಯಲ್ಲಿ ಏನೋ ಇದೆ" ಎಂದು ಗಿರಾಕಿಗಳು ಹೇಳುವಾಗ, ಕೈಯಲ್ಲಲ್ಲ, ನಾಲಿಗೆಯಲ್ಲಿ ಎಂದು ಮನಸ್ಸಿನಲ್ಲೇ ಬೀಗುತ್ತಿದ್ದೆ. ಅದೊಂದನ್ನು ಕಿತ್ತುಕೊಂಡರೆ ನನ್ನ ಹತ್ತಿರ ಉಳಿಯುವುದೇನು, ಬಾಯಿಬಡಿತ ಒಂದೇ.

ಹಾಗಿರುವಾಗ ನನಗೂ ಸಕ್ಕರೆ ಕಾಯಿಲೆ ಬಂತು. ಬರದೆ ಇನ್ನೇನು? ಡಾಕ್ಟರಮ್ಮ ನನ್ನ ಮಗನ ವಯಸ್ಸಿನವಳು. "ದಿನಾ ಏನೇನು ತಿಂತೀರಾ?" ಎಂದು ಕೇಳಿದಳು.

"ನಾನೇನು ತಿಂತೀನಿ ಡಾಕ್ಟ್ರೇ, ಊಟಾನೇ ಸೇರಲ್ಲ ನಂಗೆ."

"ಬೆಳಗ್ಗೆ?"

"ಬನ್ನು. ಅದು ಕೆಲಸ, ತಿಂಡಿ ಅಲ್ಲ."

"ಆಮೇಲೆ?"

"ಎರಡನೇ ಸಲದ ಬನ್ನು. ನಡುವೆ ಮುರಿದುಹೋದ ಬಿಸ್ಕತ್ತು. ಅದನ್ನ ಮಾರೋಕಾಗಲ್ಲ, ಬಿಸಾಡೋಕೆ ಮನಸ್ಸು ಬರಲ್ಲ."

ಪಕ್ಕದಲ್ಲಿ ಕೂತ ನಮ್ಮವರು ಕೆಮ್ಮಿದರು. ಇವರನ್ನು ಬೀದಿಯವರು ಹಿಟ್ಟಪ್ಪ ಎಂದು ಕರೆಯುತ್ತಾರೆ. ಹುಬ್ಬಿನಲ್ಲಿ ಸದಾ ಹಿಟ್ಟು ಇರುವುದರಿಂದ. ಹತ್ತು ಮಾತು ಬೇಕಾದ ಕಡೆ ಒಂದು ಕೆಮ್ಮಿನಲ್ಲಿ ಮುಗಿಸುವ ಮನುಷ್ಯ.

ಡಾಕ್ಟರಮ್ಮ ನನ್ನ ಚಪ್ಪಲಿ ಬಿಚ್ಚಿಸಿ, ಕಣ್ಣು ಮುಚ್ಚಿಸಿ, ಒಂದು ಗಡುಸಾದ ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟತೊಡಗಿದಳು. ಮುಟ್ಟಿದಾಗಲೆಲ್ಲ 'ಹೂಂ' ಅನ್ನಬೇಕು. ಅನ್ನುತ್ತಾ ಹೋದೆ. ನಡುವೆ ಸುಮ್ಮನಿದ್ದಳು ಎಂದುಕೊಂಡು ನಾನೂ ಸುಮ್ಮನಿದ್ದೆ. ಕಣ್ಣು ಬಿಟ್ಟು ನೋಡಿದರೆ ಎಳೆ ನನ್ನ ಹೆಬ್ಬೆರಳಿನ ಬುಡದಲ್ಲೇ ಇದೆ! ಬಗ್ಗುವಷ್ಟು ಒತ್ತಿದ್ದಾಳೆ, ನನಗೆ ಗೊತ್ತೇ ಆಗಿಲ್ಲ. ನಮ್ಮವರ ಮುಖ ನೋಡಿದೆ. ಅವರು ನನ್ನ ಕಾಲನ್ನಲ್ಲ, ತಮ್ಮ ಎರಡು ಕೈಗಳನ್ನು ನೋಡಿಕೊಳ್ಳುತ್ತಿದ್ದರು. ತಾಯಿಯನ್ನು ಎತ್ತಿಕೊಂಡ ಕೈಗಳು.

ಅವತ್ತು ನನಗೆ ಭಯವಾಯಿತು. ನಿಜವಾದ ಭಯ. ಡಾಕ್ಟರಮ್ಮ ಮಾತ್ರೆ ಬರೆದಳು. ಬನ್ನು, ಬ್ರೆಡ್ಡು, ಅನ್ನ, ಆಲೂಗಡ್ಡೆ ತೀರಾ ಕಡಿಮೆಯಾಗಲಿ, ತರಕಾರಿ, ಮೊಟ್ಟೆ, ಮೀನು, ಕಾಳುಬೀಜ ಬರಲಿ ಎಂದಳು. ಊಟ ಬದಲಾದರೆ ಮಾತ್ರೆಯೂ ಬದಲಾಗಬೇಕಾಗುತ್ತದೆ, ಹಾಗಾಗಿ ನಿಮ್ಮಷ್ಟಕ್ಕೆ ನೀವೇ ಏನೂ ಮಾಡದೆ ಬಂದು ತೋರಿಸಿ ಎಂದು ಎರಡು ಸಲ ಹೇಳಿದಳು. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಸಕ್ಕರೆ ನೀರು ಒಂದು ಹನಿ ನಾಲಿಗೆಗೆ ಮುಟ್ಟಿಸಿ ಉಗುಳಿಬಿಟ್ರೆ?"

"ಒಂದು ಹನಿಯಿಂದ ಏನೂ ಆಗಲ್ಲ ಬಿಡಿ" ಎಂದಳು. ಸದ್ಯ, ಬದುಕಿದೆಯಾ ಬಡಜೀವವೇ ಅನ್ನಿಸಿತು. ಮೊದಲ ಬನ್ನು ತಿನ್ನುವ ಕೆಲಸವನ್ನು ನಮ್ಮವರಿಗೆ ಒಪ್ಪಿಸಿದೆ. ಸ್ಟೂಲು ಮತ್ತು ಹನಿ ನನ್ನಲ್ಲೇ ಉಳಿದವು.

ಮೊದಲ ವಾರ ನನ್ನ ಹತ್ತಿರ ಯಾರೂ ಸುಳಿಯಲಿಲ್ಲ. ಬೆಂದ ತರಕಾರಿಯ ತಟ್ಟೆ ಮುಂದಿಟ್ಟುಕೊಂಡು, ಇದೇನು ದನದ ಮೇವಾ ಎಂದು ಎಲ್ಲರ ಮೇಲೂ ಹರಿಹಾಯ್ದೆ. ಬೇಕರಿಯ ನಡುವೆ ಕೂತು ಬನ್ನಿನ ವಾಸನೆ ಕುಡಿಯುತ್ತಾ ಬೇಯಿಸಿದ ಬೀನ್ಸು ತಿನ್ನುವ ಶಿಕ್ಷೆ ನನ್ನ ಶತ್ರುವಿಗೂ ಬೇಡ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಅನ್ನುತ್ತಾರೆ. ನನಗೆ ಎರಡೂ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಒಲೆ. ಕೊನೆಯ ಸಲದ ಬನ್ನು ಇಳಿಸಿದ ಮೇಲೂ ನಮ್ಮ ದೊಡ್ಡ ಒಲೆ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಇಷ್ಟು ವರ್ಷ ಆ ಬಿಸಿ ಸುಮ್ಮನೆ ಗೋಡೆಗೆ ಹೋಗುತ್ತಿತ್ತು. ಒಂದು ದಿನ ಬೇಸರದಲ್ಲಿ ಒಂದು ಹೂಕೋಸನ್ನು ಇಡಿಯಾಗಿ ಬೆಣ್ಣೆ ಸವರಿ, ಉಪ್ಪು ಮೆಣಸು ಉದುರಿಸಿ, ಟ್ರೇಯಲ್ಲಿಟ್ಟು ಒಳಗೆ ತಳ್ಳಿದೆ. ಬೆಂದರೆ ಬೇಯಲಿ, ಸುಟ್ಟರೆ ಸುಡಲಿ ಎಂದು. ತೆಗೆದಾಗ ಅದರ ತಲೆಯೆಲ್ಲ ಕಂದು, ಅಂಚೆಲ್ಲ ಗರಿಗರಿ, ಒಳಗೆ ಬೆಣ್ಣೆ. ಚಾಕು ಮುಟ್ಟಿಸಿದರೆ ಸಾಕು, ಬಿಚ್ಚಿಕೊಂಡಿತು. ಒಲೆಯ ಮುಂದೆ ನಿಂತೇ ಅರ್ಧ ತಿಂದೆ. ಬಾಯಿ ಸುಟ್ಟಿತು. ಸುಡಲಿ, ನಿಲ್ಲಿಸಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಎಲೆಕೋಸನ್ನು ದಪ್ಪ ಹೋಳು ಮಾಡಿ ಇಟ್ಟೆ. ದೊಣ್ಣೆ ಮೆಣಸಿನಕಾಯಿಯ ಹೊಟ್ಟೆ ಬಗೆದು ಒಳಗೆ ಮೊಟ್ಟೆ ಒಡೆದು ಹಾಕಿ, ಮೇಲೆ ಚೀಸು ತುರಿದು ಇಟ್ಟೆ. ಇಡೀ ಮೀನಿನೊಳಗೆ ನಿಂಬೆ ಹೋಳು, ಬೆಳ್ಳುಳ್ಳಿ ತುಂಬಿ ಇಟ್ಟೆ. ಅಣಬೆಗಳನ್ನು ತಲೆಕೆಳಗಾಗಿಟ್ಟರೆ ಪ್ರತಿಯೊಂದರಲ್ಲೂ ಒಂದು ಗುಟುಕು ರಸ ನಿಲ್ಲುತ್ತದೆ, ಗೊತ್ತೇ? ಚೆಲ್ಲದಂತೆ ಬಾಯಿಗೆ ಹಾಕಿಕೊಳ್ಳಬೇಕು. ಇಷ್ಟು ದಿನ ನಾನು ಹೊಟ್ಟೆ ತುಂಬಿಸಿಕೊಂಡಿದ್ದೆನೇ ಹೊರತು ಊಟ ಮಾಡಿರಲಿಲ್ಲ ಎಂದು ಆಗ ಅರ್ಥವಾಯಿತು.

ಎದುರು ಮನೆಯ ನಿವೃತ್ತ ಮೇಷ್ಟ್ರು ದಿನವೂ ಬನ್ನಿಗೆ ಬರುವವರು. ಒಂದು ಸಂಜೆ ಮೂಗರಳಿಸಿಕೊಂಡು ನಿಂತರು. "ಏನಮ್ಮಾ ಅದು ವಾಸನೆ? ಅದನ್ನ ಕೊಡಿ, ಬನ್ನು ಬೇಡ."

"ಅದು ಮಾರಾಟಕ್ಕಲ್ಲ ಮೇಷ್ಟ್ರೇ. ಅದು ನನ್ನ ಔಷಧಿ."

"ಇಂಥಾ ಔಷಧಿ ಸಿಗೋದಾದ್ರೆ ನಂಗೂ ಆ ಕಾಯಿಲೆ ಬರಲಿ!"

"ಬಿಡ್ತು ಅನ್ನಿ" ಎಂದು ಗದರಿದೆ. ಮನಸ್ಸಿನಲ್ಲಿ ಖುಷಿಯಾಗಿತ್ತು.

ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ಡಾಕ್ಟರಮ್ಮ ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಮಾತ್ರೆ ಇಳಿಸಿದಳು. ಕಾಲಿಗೆ ಮತ್ತೆ ಎಳೆ ಮುಟ್ಟಿಸಿದಳು. ಆ ಜಾಗಕ್ಕೆ ಸ್ಪರ್ಶ ಮರಳಿರಲಿಲ್ಲ. ಆದರೆ ಮರಗಟ್ಟಿದ್ದು ಅಲ್ಲಿಂದಾಚೆಗೆ ಹಬ್ಬಿರಲಿಲ್ಲ. "ಹೀಗೇ ಇಟ್ಕೊಳ್ಳಿ ಅಮ್ಮಾ, ಇದೇ ದೊಡ್ಡ ಗೆಲುವು" ಎಂದಳು. ಗೆದ್ದವಳಂತೆಯೇ ಮನೆಗೆ ಬಂದು ಸ್ಟೂಲಿನ ಮೇಲೆ ಕೂತೆ. ಕಾಲೂ ಉಳಿಯಿತು, ಪೀಠವೂ ಉಳಿಯಿತು ಎಂದುಕೊಂಡೆ.

ಬೇಕರಿಯಲ್ಲಿ ತೊಂದರೆ ಶುರುವಾದದ್ದು ಅದೇ ಹೊತ್ತಿಗೆ. ಬನ್ನುಗಳು ಬಿಳಿಚಿಕೊಂಡವು. ಮೊದಲು ಒಲೆಯಿಂದ ಇಳಿದರೆ ಬೆನ್ನು ಮಿರಿಮಿರಿ ಕಂದಾಗಿರುತ್ತಿತ್ತು. ಈಗ ಕಾಯಿಲೆ ಬಿದ್ದು ಎದ್ದ ಮುಖ. ಸಂಜೆಯ ಹೊತ್ತಿಗೆ ಖಾಲಿಯಾಗುತ್ತಿದ್ದ ಕಪಾಟಿನಲ್ಲಿ ಬನ್ನು ಉಳಿಯತೊಡಗಿತು. ಅಂಗಡಿಗಳಿಗೆ ವ್ಯಾನಿನಲ್ಲಿ ಹಾಕಿ ಬರುವ ನಮ್ಮ ಮಗ, "ಯಾಕೋ ಜನ ಬೇರೆ ಬನ್ನು ಕೇಳ್ತಿದಾರಮ್ಮ" ಎಂದು ತಲೆ ಕೆರೆದುಕೊಂಡ.

"ಒಲೆ ಸರಿಯಾಗಿ ಕಾಯ್ತಿಲ್ಲ" ಎಂದೆ ನಾನು. ನಮ್ಮವರು ಕೆಮ್ಮಿದರು. ಒಲೆ ರಿಪೇರಿಯವನು ಬಂದು, ಬರ್ನರು ಬಿಚ್ಚಿ, ಮೈಯೆಲ್ಲ ಮಸಿ ಮಾಡಿಕೊಂಡು, ಜೋಡಿಸಿ, "ನಿಮ್ಮ ಒಲೆ ನನಗಿಂತ ಗಟ್ಟಿಮುಟ್ಟಾಗಿದೆ" ಎಂದು ಹೇಳಿ ಹೋದ. ಹಾಗಾದರೆ ಹಿಟ್ಟು ಸರಿಯಿಲ್ಲ ಎಂದೆ. ಹಿಟ್ಟು ಬದಲಾಯಿಸಿದರು. ಯೀಸ್ಟು ಹಳೆಯದು ಎಂದೆ. ಹೊಸದು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತಲ್ಲ, ಹಾಗೆ ಬೇಕರಿಯಲ್ಲಿದ್ದ ಎಲ್ಲ ಎಮ್ಮೆಗಳಿಗೂ ಬರೆ ಹಾಕಿಸಿದೆ.

ಕೊನೆಗೆ ಉಳಿದವಳು ಸೊಸೆ. ಪಾತ್ರೆಗೆ ಸಕ್ಕರೆ ಹಾಕಿ ಕರಗಿಸುವವಳು ಅವಳು. ನಾನು ಎಷ್ಟು ಮಾತೋ ಅವಳು ಅಷ್ಟು ಮೌನ. ಮೌನದವರನ್ನು ಬೈಯುವುದು ಕಷ್ಟ, ಎದುರು ಮಾತು ಬರದೆ ನಮಗೇ ಸುಸ್ತಾಗುತ್ತದೆ. ಆದರೂ ಬೈದೆ.

"ನೀರು ತಣ್ಣಗಿರೋವಾಗ್ಲೇ ಸಕ್ಕರೆ ಹಾಕ್ತೀಯಾ? ಅರ್ಧ ತಳದಲ್ಲೇ ಉಳಿಯುತ್ತೆ. ಮನಸ್ಸೆಲ್ಲಿರುತ್ತೆ ನಿಂದು?"

"ಬೆಚ್ಚಗೇ ಇದೆ ಅತ್ತೆ."

"ಮತ್ತೆ ಬನ್ನು ಯಾಕೆ ಹೀಗಾಯ್ತು, ನನ್ನಿಂದಾನಾ?"

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ನನ್ನ ಪಾದದ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು. ಕಾಲಿನಲ್ಲಿ ಏನು ನೋಡುತ್ತಿದ್ದಾಳೆ ಇವಳು ಎಂದು ನನಗೆ ಇನ್ನಷ್ಟು ಸಿಟ್ಟು ಬಂತು.

ಇದಾದ ಕೆಲವೇ ದಿನಗಳಲ್ಲಿ ಬನ್ನು ತಾನಾಗಿಯೇ ಸುಧಾರಿಸಿತು. ಬಣ್ಣ ಬಂತು, ಗಿರಾಕಿಗಳೂ ಬಂದರು. ನೋಡಿದಿರಾ, ಬೈದರೆ ಕೆಲಸ ಆಗುತ್ತದೆ ಎಂದು ನಾನು ಬೀಗಿದೆ. ಸ್ಟೂಲಿನ ಮೇಲೆ ಇನ್ನೂ ನೆಟ್ಟಗೆ ಕೂತೆ.

ಹಾಗೆ ಕೂತಿರುವಾಗಲೇ ಒಂದು ಬೆಳಗ್ಗೆ ಒಲೆಯ ಬಾಗಿಲು ತೆರೆದ ನಮ್ಮವರು 'ಅಯ್ಯೋ' ಎಂದರು. ಅವರ ಬಾಯಲ್ಲಿ ಅಷ್ಟು ದೊಡ್ಡ ಮಾತು ನಾನು ಕೇಳಿದ್ದು ಅಪರೂಪ. ಟ್ರೇ ಹೊರಗೆಳೆದರು. ಬನ್ನುಗಳೆಲ್ಲ ಬೂಟಿನ ಬಣ್ಣಕ್ಕೆ ತಿರುಗಿದ್ದವು. ಸರಿಯಾಗಿ ಉಬ್ಬಿಯೂ ಇರಲಿಲ್ಲ. ಒಂದು ಟ್ರೇ ಅಲ್ಲ, ಎಲ್ಲ ಟ್ರೇಗಳೂ ಹಾಗೇ. ಕೋಣೆಯ ತುಂಬ ಸುಟ್ಟ ಸಕ್ಕರೆಯ ವಾಸನೆ.

"ಎಷ್ಟು ಹಾಕಿದೆ?" ಎಂದು ನಮ್ಮವರು ಸೊಸೆಯನ್ನು ಕೇಳಿದರು.

"ಅತ್ತೆ ಹೇಳಿದಷ್ಟು" ಎಂದಳು. ಆದರೆ ಅವಳ ಕಿವಿ ಕೆಂಪಗಾಗಿತ್ತು.

"ಅದರ ಮೇಲೆ?"

ಸೊಸೆ ಸಕ್ಕರೆ ಡಬ್ಬಿಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, "ಮಾವ, ಇವತ್ತು ನೀವೂ ಹಾಕಿದ್ರಾ?" ಎಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಕೇಳಿದ್ದೆ. ಎರಡು ಬೆಕ್ಕು ಒಂದೇ ಬಟ್ಟಲಿಗೆ ಬಾಯಿ ಹಾಕಿ ಡಿಕ್ಕಿ ಹೊಡೆದದ್ದನ್ನು ಅವತ್ತು ಕಂಡೆ.

"ಏನು ನಡೀತಿದೆ ಇಲ್ಲಿ?" ಎಂದೆ ಸ್ಟೂಲಿನಿಂದ. "ನನ್ನ ಬೆನ್ನ ಹಿಂದೆ ಸಕ್ಕರೆ ಹಾಕ್ತಿದ್ರಾ? ನಾನು ಸಾಕು ಅಂದ ಮೇಲೂ? ಈ ಮನೇಲಿ ನಾನು ಸತ್ತಿದೀನಾ, ಬದುಕಿದೀನಾ?"

ಮಾತಾಡಿದವಳು ಸೊಸೆ. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅತ್ತೆ, ನೀವು ಸಾಕು ಅನ್ನೋದು ದಿನೇ ದಿನೇ ಬೇಗ ಆಗ್ತಾ ಬಂತು. ಮೊದಲು ಹಿಡಿ ಮೇಲೆ ಹಿಡಿ ಹಾಕ್ತಿದ್ದೆ. ಆಮೇಲೆ ಹಿಡಿ ಕಮ್ಮಿ ಆಗ್ತಾ ಆಗ್ತಾ, ಈಗ ಅರ್ಧಕ್ಕೇ ನೀವು ಮುಖ ಸಿಂಡರಿಸ್ತೀರಾ. ನೀವು ಸಿಹಿ ಬಿಟ್ಟಿದೀರಲ್ಲ, ಅದಕ್ಕೇ ನಿಮಗೆ ಸ್ವಲ್ಪ ಇದ್ರೂ ಜಾಸ್ತಿ ಅನ್ಸುತ್ತೆ. ತಪ್ಪು ಒಲೇದಲ್ಲ, ಹಿಟ್ಟಿಂದೂ ಅಲ್ಲ."

"ಹಂಗಾದ್ರೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

ಅವಳು ಮಾವನ ಕಡೆ ನೋಡಿದಳು.

ನಮ್ಮವರು ಟ್ರೇ ಕೆಳಗಿಟ್ಟರು. ಕೆಮ್ಮಲಿಲ್ಲ. "ಹೇಳಿದ್ರೆ ನೀನು ಏನು ಮಾಡ್ತಿದ್ದೆ ಅಂತ ನಂಗೊತ್ತು" ಎಂದರು. "ನಾಲಿಗೆ ಸರಿಮಾಡ್ಕೋತೀನಿ ಅಂತ ಮತ್ತೆ ಬನ್ನು ಮುರೀತಿದ್ದೆ. ಈ ಸ್ಟೂಲಿಗೋಸ್ಕರ ನೀನು ಏನು ಬೇಕಾದ್ರೂ ತಿಂತೀಯ. ನಮ್ಮಮ್ಮನೂ ಹಾಗೇ ಮಾಡಿದ್ದು." ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡು, "ಅವಳನ್ನ ಎತ್ತಿದಾಗ ಎಷ್ಟು ಹಗುರ ಇದ್ಲು ಗೊತ್ತಾ? ಹಿಟ್ಟಿನ ಮೂಟೆಯಷ್ಟೂ ಇರ್ಲಿಲ್ಲ. ಇನ್ನೊಂದು ಸಲ ನನ್ ಕೈಲಿ ಆಗಲ್ಲ ಕಣೇ" ಎಂದರು.

ಅವರು ಹೇಳಿದ್ದು ನಿಜವಾಗಿತ್ತು. ಅವರು ಮಾತು ಮುಗಿಸುವ ಮೊದಲೇ ನನ್ನ ತಲೆಯಲ್ಲಿ ಲೆಕ್ಕ ಓಡಿಹೋಗಿತ್ತು. ದಿನಕ್ಕೆ ಅರ್ಧ ಬನ್ನು, ಒಂದೆರಡು ವಾರ, ನಾಲಿಗೆ ಮೊದಲಿನಂತಾದ ಮೇಲೆ ಬಿಟ್ಟುಬಿಡಬಹುದು. ಅತ್ತೆಯೂ ಹೀಗೇ ಲೆಕ್ಕ ಹಾಕಿರಬೇಕು.

ಆ ದಿನದ ಬನ್ನುಗಳನ್ನು ಕಪಾಟಿಗೆ ಇಡಲಿಲ್ಲ. ಮೇಷ್ಟ್ರು ಬಂದು ಇಣುಕಿ, "ಇದೇನು ಕೇಕಾ?" ಎಂದು ಕೇಳಿ ಎರಡು ಕಟ್ಟಿಸಿಕೊಂಡು ಹೋದರು. ಅವರಿಗೆ ಬಾಯಲ್ಲಿ ಹಲ್ಲು ಕಡಿಮೆ, ಆಸೆ ಜಾಸ್ತಿ.

ಮಧ್ಯಾಹ್ನ ಒಲೆಯಲ್ಲಿ ಸಿಪ್ಪೆ ಸಮೇತ ಬೇಯಲು ಇಟ್ಟಿದ್ದ ಈರುಳ್ಳಿಯನ್ನು ತೆಗೆದೆ. ಹೊರಗಿನ ಪದರ ಕರಿ. ಅದನ್ನು ಬಿಡಿಸಿದರೆ ಒಳಗೆ ಬೆಣ್ಣೆಯಂತೆ ಮೆತ್ತಗೆ. ಬಾಯಿಗಿಟ್ಟೆ. ಸಿಹಿ! ಎಂಥ ಸಿಹಿ ಎಂದರೆ, ಕಣ್ಣು ಮುಚ್ಚಿಕೊಂಡೆ. ಇಷ್ಟು ವರ್ಷ ಈರುಳ್ಳಿ ಹೆಚ್ಚಿ ಅತ್ತಿದ್ದೇನೆ, ಅದರೊಳಗೆ ಇಷ್ಟು ಸಿಹಿ ಇದೆ ಎಂದು ಅದು ಯಾವತ್ತೂ ಹೇಳಿರಲಿಲ್ಲ. ಆಮೇಲೆ ಒಂದು ಬಾದಾಮಿ ಅಗಿದೆ. ಅದರಲ್ಲೂ ಸಿಹಿ. ಒಂದು ಗುಟುಕು ಹಾಲು ಕುಡಿದೆ. ಅಬ್ಬಾ, ಅದರಲ್ಲೂ.

ನನ್ನ ನಾಲಿಗೆ ಕೆಟ್ಟಿರಲಿಲ್ಲ. ಅತ್ತೆಯ ನಾಲಿಗೆಗಿಂತ, ನನ್ನ ಹಳೆಯ ನಾಲಿಗೆಗಿಂತ ಅದು ಚುರುಕಾಗಿತ್ತು. ಬನ್ನು ಮಾರುವುದಕ್ಕೆ ಮಾತ್ರ ಉಪಯೋಗವಿಲ್ಲ, ಅಷ್ಟೇ. ಇದನ್ನು ಬಿಟ್ಟುಕೊಟ್ಟು ಹಳೆಯದನ್ನು ತರಬೇಕೇ? ಸ್ಟೂಲು ನೋಡಿದೆ. ಈರುಳ್ಳಿ ನೋಡಿದೆ. ಅಳು ಬಂತು. ಈರುಳ್ಳಿಯ ಅಳು ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ ಎಂದು ಚೆನ್ನಾಗಿಯೇ ಅತ್ತೆ.

ಮಾರನೆಯ ದಿನ ಬೆಳಗ್ಗೆ ಎಂದಿನಂತೆ ಸ್ಟೂಲಿನ ಮೇಲೆ ಕೂತೆ. ಸೊಸೆ ಪಾತ್ರೆ ಹಿಡಿದು ಬಂದಳು. ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಗಂಟಲವರೆಗೆ ಸಿಹಿ. 'ಸಾಕು' ಎನ್ನುವುದು ತುಟಿಗೆ ಬಂದುಬಿಟ್ಟಿತ್ತು. ನುಂಗಿಕೊಂಡೆ.

"ನಿನ್ನ ಬೆರಳು ಅದ್ದು" ಎಂದೆ.

"ಅತ್ತೆ?"

"ಕಿವಿ ಕೇಳಲ್ವಾ? ಅದ್ದು. ಹೆಬ್ಬೆರಳಲ್ಲ ಮಾರಾಯ್ತಿ, ಕಿರುಬೆರಳು. ನಾಲಿಗೆ ತುದಿಗೆ ಇಡು, ನುಂಗ್ಬೇಡ, ಸ್ವಲ್ಪ ತಡಿ. ಈಗ ಹೇಳು."

ಅವಳು ಕಣ್ಣು ಮುಚ್ಚಿದಳು. ಒಲೆಯ ಬಳಿ ನಮ್ಮವರು ಟ್ರೇ ತಳ್ಳುವ ಸಲಿಕೆ ಹಿಡಿದು ನಿಂತೇ ಬಿಟ್ಟಿದ್ದರು. ಸೊಸೆ ಹೆದರಿ ಹೆದರಿ, "ಇನ್ನೂ ಎರಡು ಹಿಡಿ ಬೇಕು" ಎಂದಳು.

ಎರಡು ಹಿಡಿ! "ಹಾಕು" ಎಂದೆ.

ಹಾಕಿ, ಕರಗಿಸಿ, ಮತ್ತೆ ನೋಡಿ, "ಸಾಕು" ಎಂದಳು. ಆ ಮಾತು ಇನ್ನೊಬ್ಬರ ಬಾಯಿಂದ ಆ ಕೋಣೆಯಲ್ಲಿ ಕೇಳಿದಾಗ ನಾನು ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹೊಟ್ಟೆಕಿಚ್ಚು ಎಂದೇ ಹೇಳಿ, ನನಗೇನೂ ನಾಚಿಕೆಯಿಲ್ಲ. ಬನ್ನು ಇಳಿದಾಗ ಬೆನ್ನು ಮಿರಿಮಿರಿ ಕಂದಾಗಿತ್ತು. ನಮ್ಮವರು ಮೊದಲನೆಯದನ್ನು ಮುರಿದು ಬಾಯಿಗಿಟ್ಟು, "ಚೆನ್ನಾಗಿದೆ" ಎಂದರು.

"ನಿಮಗೆ ಹತ್ತಿ ಕೊಟ್ರೂ ಚೆನ್ನಾಗಿದೆ ಅಂತೀರಾ. ಬಿಳಿಚಿಕೊಂಡ ಬನ್ನಿಗೂ ಇದೇ ಮಾತು ಹೇಳಿದ್ರಲ್ಲ!" ಎಂದೆ. ಅವರು ಕೆಮ್ಮಿದರು. ಆ ಕೆಮ್ಮು ನಗುವಿಗೆ ಹತ್ತಿರವಿತ್ತು.

"ಇನ್ಮೇಲೆ ಮೊದಲ ಬನ್ನು ಯಾರೂ ಇಡಿಯಾಗಿ ತಿನ್ನಬೇಕಾಗಿಲ್ಲ" ಎಂದು ಸೊಸೆಗೆ ಹೇಳಿದೆ. "ಒಂದು ಚೂರು ನೋಡು, ಉಳಿದದ್ದು ಹಂಚು. ಸಿಹಿ ನೋಡೋಕೆ ಒಂದು ಚೂರು ಸಾಕು. ನಮ್ಮತ್ತೆ ಇದನ್ನ ನಂಗೆ ಹೇಳ್ಲಿಲ್ಲ, ನಾನು ನಿಂಗೆ ಹೇಳ್ತಿದೀನಿ. ವರ್ಷಕ್ಕೊಂದ್ಸಲ ರಕ್ತ ಪರೀಕ್ಷೆ ಮಾಡ್ಸು. ಮತ್ತೆ ಮಧ್ಯಾಹ್ನ ನನ್ನ ಟ್ರೇಯಲ್ಲಿ ಊಟ ಮಾಡು, ಮುರುಕು ಬಿಸ್ಕತ್ತಲ್ಲ."

"ಆಯ್ತು ಅತ್ತೆ."

"ಬರೀ ಆಯ್ತು ಅಂದ್ರೆ ಸಾಲದು. ಎದುರು ಮಾತಾಡೋದನ್ನೂ ಕಲಿ. ಇಲ್ಲಿ ಕೂತವಳಿಗೆ ಬಾಯಿರಬೇಕು."

ಅವಳು ನಕ್ಕಳು. ನಾನು ಎದ್ದೆ. ರಟ್ಟಿನ ತುಂಡು ಜರುಗಿ ಸ್ಟೂಲು ಅಲುಗಾಡಿತು. ನಮ್ಮವರು ಓಡಿ ಬಂದು ಎರಡೂ ಕೈ ಚಾಚಿದರು, ಎತ್ತಿಕೊಳ್ಳಲು ಬಂದವರಂತೆ. ಹುಬ್ಬಿನಲ್ಲಿ ಹಿಟ್ಟು, ಕಣ್ಣಿನಲ್ಲಿ ನೀರು.

"ಬೇಡ ಬಿಡ್ರೀ" ಎಂದೆ. "ಕಾಲಿದೆ ನಂಗೆ."

ನಡೆದುಕೊಂಡೇ ಒಲೆಯ ಹತ್ತಿರ ಹೋದೆ. ಈ ಮನೆಯಲ್ಲಿ ಆ ಸ್ಟೂಲಿನಿಂದ ತನ್ನ ಕಾಲ ಮೇಲೆ ತಾನೇ ಇಳಿದು ಬಂದವಳು ನಾನೇ ಮೊದಲು. ಟ್ರೇಯಲ್ಲಿ ಒಂದು ಹೂಕೋಸಿತ್ತು, ಬೆಣ್ಣೆ ಸವರಿ ಒಳಗೆ ತಳ್ಳಿದೆ.